ಕುಡಿತ ಬಿಟ್ಟು ಆರು ತಿಂಗಳಾಯಿತು, ಇನ್ನು ಯಾವುದನ್ನು ಹಿಡಿಯಬೇಕು? ಕಲಬುರಗಿ, ಬೀದರ್, ಯಾದಗಿರಿಯವರಿಗೆ ಒಂದು ಹೋಲಿಕೆ

ಕುಡಿತ ಬಿಟ್ಟ ಮೊದಲ ತಿಂಗಳು ಇಡೀ ಮನೆ ದಿನ ಎಣಿಸುತ್ತದೆ. ಅವ್ವ ಹರಕೆ ತೀರಿಸುತ್ತಾಳೆ, ಹೆಂಡತಿಯ ಮುಖಕ್ಕೆ ಕಳೆ ಬರುತ್ತದೆ, ಓಣಿಯ ಹಿರಿಯರು ಕರೆದು ಬೆನ್ನು ತಟ್ಟುತ್ತಾರೆ. ಆರನೇ ತಿಂಗಳ ಹೊತ್ತಿಗೆ ಇದೆಲ್ಲ ನಿಂತಿರುತ್ತದೆ. ಸಾಲ ಮಾತ್ರ ಹಾಗೇ ಇರುತ್ತದೆ, ಬೀಗರ ಅನುಮಾನ ಹಾಗೇ ಇರುತ್ತದೆ, ರಾತ್ರಿ ನಿದ್ದೆ ಇನ್ನೂ ಹರಿಹರಿದು ಬರುತ್ತಿರುತ್ತದೆ. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿದ ಮೆದುಳು ತನ್ನ ಹದಕ್ಕೆ ಮರಳಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಯಾವುದರಲ್ಲೂ ರುಚಿಯಿಲ್ಲ, ಸಣ್ಣದಕ್ಕೂ ಸಿಟ್ಟು, ಬೆಳಗಿನ ಜಾವ ಮೂರಕ್ಕೆ ಎಚ್ಚರ. 'ಬಿಟ್ಟು ಏನ್ ಸಿಕ್ತು?' ಎಂಬ ಪ್ರಶ್ನೆ ಹುಟ್ಟುವುದು ಈ ಹೊತ್ತಿನಲ್ಲಿ. ಅದು ಮನಸ್ಸಿನ ದೌರ್ಬಲ್ಯವಲ್ಲ, ಚೇತರಿಕೆಯ ಒಂದು ಹಂತ. ಆದರೆ ಈ ಹಂತವನ್ನು ಬರೀ ಛಲದಿಂದ ದಾಟುತ್ತೇನೆ ಎಂದವರಲ್ಲಿ ಬಹಳ ಮಂದಿ ಜಾರುತ್ತಾರೆ.

ಹಿಡಿಯಲು ನಮ್ಮ ಮೂರು ಜಿಲ್ಲೆಗಳಲ್ಲಿ ದಾರಿಗಳಿವೆ: ಕುಡಿತ ಬಿಟ್ಟವರ ಸಭೆ, ಶಿಬಿರದ ನಂತರದ ಸಮಿತಿ, ಆಸ್ಪತ್ರೆ ಮತ್ತು ಗುಳಿಗೆ, ದೇವರು ಮತ್ತು ಸೇವೆ, ಫೋನಿನ ಸಹಾಯವಾಣಿ. ಯಾವುದು ದೊಡ್ಡದು ಎಂದು ಕೇಳಿ ಪ್ರಯೋಜನವಿಲ್ಲ. ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಹಾಕಿ. ಒಂದು, ನಾನು ಒಂದು ವಾರ ಹೋಗದಿದ್ದರೆ 'ಯಾಕ್ ಬರ್ಲಿಲ್ಲೋ ತಮ್ಮಾ' ಎಂದು ಕೇಳುವವರು ಅಲ್ಲಿ ಇದ್ದಾರೆಯೇ? ಎರಡು, ಸಂಜೆ ಏಳಕ್ಕೆ ಚಟ ಎಳೆದಾಗ ಇದು ಕೈಗೆ ಸಿಗುತ್ತದೆಯೇ? ಎರಡಕ್ಕೂ ಹೌದು ಎನ್ನುವ ಒಂದೇ ದಾರಿ ಸಿಗುವುದು ಅಪರೂಪ. ಹಾಗಾಗಿ ಸಾಮಾನ್ಯವಾಗಿ ಎರಡನ್ನು ಜೋಡಿಸಿಕೊಳ್ಳಬೇಕಾಗುತ್ತದೆ.

ಸಭೆಯೋ, ಸಮಿತಿಯೋ?

ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಶುಲ್ಕವಿಲ್ಲ, ಹೆಸರು ಬರೆಸುವುದಿಲ್ಲ, ಜಾತಿ ಧರ್ಮ ಕೇಳುವುದಿಲ್ಲ. ಒಂದು ಕೋಣೆ, ಹತ್ತಿಪ್ಪತ್ತು ಕುರ್ಚಿ, ಚಹಾ. ಒಬ್ಬೊಬ್ಬರೇ ತಮ್ಮ ವಾರ ಹೇಗೆ ಕಳೆಯಿತೆಂದು ಹೇಳುತ್ತಾರೆ, ಉಳಿದವರು ನಡುವೆ ಬಾಯಿ ಹಾಕುವುದಿಲ್ಲ. ಕೊನೆಗೆ ಒಂದು ಡಬ್ಬಿ ಸುತ್ತಿ ಬರುತ್ತದೆ, ಹಾಕಿದಷ್ಟು ಹಾಕಬಹುದು, ಹಾಕದಿದ್ದರೂ ಕೇಳುವವರಿಲ್ಲ. ಆರು ತಿಂಗಳಾದವರಿಗೆ ಇಲ್ಲಿಯ ನಿಜವಾದ ಉಪಯೋಗ ಸ್ಪಾನ್ಸರ್. ನಿಮಗಿಂತ ವರ್ಷಗಳ ಮೊದಲು ಬಿಟ್ಟ ಒಬ್ಬ ಹಿರಿಯ, ಅವರ ನಂಬರು ನಿಮ್ಮ ಫೋನಿನಲ್ಲಿ. ಅವರಿಗೆ ಸುಳ್ಳು ಹೇಳಿದರೆ ಎರಡನೇ ವಾಕ್ಯದಲ್ಲೇ ಗೊತ್ತಾಗುತ್ತದೆ, ಯಾಕೆಂದರೆ ಅದೇ ಸುಳ್ಳನ್ನು ಅವರೂ ಹೇಳಿದವರು.

ಶ್ರೀ ಕ್ಷೇತ್ರ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳ ದಾರಿ ಬೇರೆ. ಊರವರೇ ಸೇರಿ ನಡೆಸುವ ಎಂಟು ದಿನದ ಶಿಬಿರ ಮುಗಿದ ಮೇಲೆ, ಬಿಟ್ಟವರನ್ನೆಲ್ಲ ನವಜೀವನ ಸಮಿತಿ ಎಂಬ ಗುಂಪಿಗೆ ಸೇರಿಸುತ್ತಾರೆ. ನೂರು ದಿನ ತುಂಬಿದಾಗ ಶತದಿನೋತ್ಸವ, ಹೆಂಡತಿ ಮಕ್ಕಳನ್ನು ಜೊತೆಗೆ ಕೂರಿಸಿ ಗೌರವ. ಇಲ್ಲಿ ಮುಚ್ಚಿಟ್ಟುಕೊಳ್ಳುವುದು ಏನೂ ಇಲ್ಲ. ಊರಿಗೇ ಗೊತ್ತು.

ಆಯ್ಕೆ ಇರುವುದು ಈ ಗುಟ್ಟಿನ ವಿಷಯದಲ್ಲೇ. ಶಾಲೆ ಮಾಸ್ತರು, ಬಸ್ ಚಾಲಕ, ಬ್ಯಾಂಕಿನವರು, ಮಗಳ ಸಂಬಂಧ ನೋಡುತ್ತಿರುವ ತಂದೆ: ಇಂಥವರಿಗೆ ಹೆಸರು ಹೊರಗೆ ಬಾರದ ಎ.ಎ. ಸಭೆ ಹಿತ. ಹಳ್ಳಿಯಲ್ಲಿ ಬಿದ್ದದ್ದನ್ನೂ ಎದ್ದದ್ದನ್ನೂ ಎಲ್ಲರೂ ಕಂಡಿರುವವರಿಗೆ ಗುಟ್ಟಿನಿಂದ ಏನೂ ಉಳಿಯುವುದಿಲ್ಲ. ಅವರಿಗೆ ಸಮಿತಿಯೇ ಬಲ. ಊರ ಕಟ್ಟೆ ಮೇಲೆ ಕೂತವರು 'ಇಂವಾ ಬಿಟ್ಟಾನ, ಇಂವಗ ಹಾಕಬ್ಯಾಡ್ರಿ' ಎಂದು ತಾವೇ ತಡೆಯುತ್ತಾರೆ. ಆದರೆ ಜಾರಿದರೂ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಭಯ ಕೆಲವರನ್ನು ಮರಳಿ ಸಮಿತಿಗೆ ಬಾರದಂತೆ ಮಾಡುತ್ತದೆ. ಸೇರುವಾಗಲೇ ಮುಖ್ಯಸ್ಥರನ್ನು ಕೇಳಿಟ್ಟುಕೊಳ್ಳಿ: ಜಾರಿದವರು ಮರುದಿನ ಬಂದರೆ ನೀವು ಹೇಗೆ ನಡೆಸಿಕೊಳ್ಳುತ್ತೀರಿ? ಉತ್ತರದಲ್ಲಿ ಬೈಗುಳ ಇದ್ದರೆ ಬೇರೆ ಗುಂಪು ನೋಡಿ.

ದೂರವೂ ಒಂದು ಲೆಕ್ಕ. ಎ.ಎ. ಸಭೆಗಳು ಹೆಚ್ಚಾಗಿ ನಗರದಲ್ಲೇ. ಕಲಬುರಗಿಯ ಗಾಜೀಪುರದಿಂದ ಹೋಗುವವರಿಗೆ ಆಟೋ ಸಾಕು, ಚಿಂಚೋಳಿಯಿಂದ ಬರುವವರಿಗೆ ಅರ್ಧ ದಿನದ ಕೂಲಿ ಹೋಗುತ್ತದೆ. ಅಂಥವರು ತಿಂಗಳಿಗೆ ಒಂದೆರಡು ಸಲ ಎದುರು ಕೂತು, ಉಳಿದ ವಾರಗಳಲ್ಲಿ ಫೋನಿನ ಮೇಲಿನ ಸಭೆಗೆ ಸೇರಬಹುದು. ಅಲ್ಲಿ ಕ್ಯಾಮೆರಾ ತೆರೆದಿಟ್ಟು ಕೂರುವುದು ಒಳ್ಳೆಯದು. ಮುಚ್ಚಿಟ್ಟರೆ ಕೈ ಬೇರೆ ಕೆಲಸಕ್ಕೆ ಹೋಗುತ್ತದೆ, ಎರಡು ವಾರದಲ್ಲಿ ಸೇರುವುದೂ ನಿಲ್ಲುತ್ತದೆ. ಸಭೆ ಎಲ್ಲಿ, ಯಾವ ವಾರ ಎಂಬುದನ್ನು ಆಸ್ಪತ್ರೆಯ ಮನೋವೈದ್ಯ ವಿಭಾಗದ ಸಮಾಜ ಕಾರ್ಯಕರ್ತರನ್ನು ಕೇಳಿದರೆ ತಿಳಿಯುತ್ತದೆ.

ಒಂದೇ ಸಭೆ ನೋಡಿ 'ನಂಗ ಆಗಿ ಬರಲ್ಲ' ಎನ್ನಬೇಡಿ. ಆರು ಸಲವಾದರೂ ಹೋಗಿ. ಮೊದಲ ಎರಡು ಸಲ ಸಂಕೋಚ, ಮೂರನೆಯದು ಬೇಸರ. ಯಾರ ಮಾತು ನಿಮ್ಮ ಮನಸ್ಸಿಗೆ ಹತ್ತಿರ ಎಂದು ಕಿವಿಗೆ ಬೀಳುವುದು ನಾಲ್ಕೈದರ ನಂತರ.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಸೇಂದಿ, ಮದ್ಯ ಎರಡೂ ಬಿಟ್ಟ ಹೆಂಗಸರು ನಮ್ಮ ಭಾಗದಲ್ಲಿ ಕಡಿಮೆಯಿಲ್ಲ, ಆದರೆ ಸಭೆ ಸಮಿತಿಗಳಲ್ಲಿ ಗಂಡಸರೇ ತುಂಬಿರುತ್ತಾರೆ. ಅವರಿಗೆ ಆಸ್ಪತ್ರೆಯ ಆಪ್ತಸಮಾಲೋಚನೆ ಮತ್ತು ಫೋನು ಮೊದಲ ಆಯ್ಕೆಯಾಗಲಿ.

ಆಸ್ಪತ್ರೆ ಮತ್ತು ಗುಳಿಗೆ

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರ ತಂಡ ಪ್ರತಿ ಜಿಲ್ಲೆಯಲ್ಲೂ ಇದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಹೊರಡುವ ಮೊದಲು ವಿಚಾರಿಸಿ.

ಕುಡಿತ ಬಿಡಿಸಲು ಗುಳಿಗೆ ತಿಂದವರು ಬಹಳ. ಬಿಟ್ಟ ಮೇಲೆ ಹಾಗೇ ಉಳಿಯಲು ಬೇರೆ ಗುಳಿಗೆಗಳಿವೆ ಎಂಬುದು ಗೊತ್ತಿರುವವರು ಕಡಿಮೆ. ಮುಖ್ಯವಾದವು ಮೂರು. ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು, ಆದರೆ ಅವರೆದುರು ಕೂತಾಗ ಏನು ಹೇಳಬೇಕೆಂದು ನಿಮಗೆ ಗೊತ್ತಿರಲಿ.

ನಾಲ್‌ಟ್ರೆಕ್ಸೋನ್, ಸಾಮಾನ್ಯವಾಗಿ 50 ಮಿಲಿಗ್ರಾಂ, ದಿನಕ್ಕೊಂದು. ಕುಡಿದಾಗ ಸಿಗುವ ಆ 'ಮಜಾ'ವನ್ನು ಇದು ಮಂಕು ಮಾಡುತ್ತದೆ. 'ಒಂದು ಹಾಕಿದರೆ ಸೀಸೆ ಮುಗಿಯೋ ತನಕ ನಿಲ್ಲಲ್ಲ' ಎನ್ನುವವರಿಗೆ ಹೆಚ್ಚು ಹೊಂದುತ್ತದೆ. ಬೆಳಿಗ್ಗೆ ರೊಟ್ಟಿ ತಿಂದು ನುಂಗಿದರೆ ದಿನದ ಲೆಕ್ಕ ಮುಗಿಯಿತು. ತೊಂದರೆ ಎಲ್ಲಿ? ಟ್ರಾಮಡಾಲ್‌ನಂಥ ಅಫೀಮು ಗುಂಪಿನ ನೋವಿನ ಗುಳಿಗೆ ತಿನ್ನುವವರಿಗೆ ಇದು ಕೊಡುವಂತಿಲ್ಲ. ಅಪಘಾತವಾಗಿ ಆಸ್ಪತ್ರೆಗೆ ಹೋದರೆ ಆ ಬಗೆಯ ನೋವಿನ ಔಷಧ ಕೆಲಸ ಮಾಡುವುದಿಲ್ಲ. ಆದ್ದರಿಂದ 'ನಾಲ್‌ಟ್ರೆಕ್ಸೋನ್ ತೆಗೆದುಕೊಳ್ಳುತ್ತಿದ್ದೇನೆ' ಎಂದು ಬರೆದ ಚೀಟಿ ಪಾಕೀಟಿನಲ್ಲಿರಲಿ. ಲಿವರ್ ಪರೀಕ್ಷೆ ಮಾಡಿಸಿಯೇ ಶುರು ಮಾಡುತ್ತಾರೆ.

ಅಕಾಂಪ್ರೊಸೇಟ್ 333 ಮಿಲಿಗ್ರಾಮಿನ ಗುಳಿಗೆ, ಸಾಮಾನ್ಯವಾಗಿ ಎರಡೆರಡರಂತೆ ದಿನಕ್ಕೆ ಮೂರು ಹೊತ್ತು. ಒಳಗಿನ ಚಡಪಡಿಕೆ, ನಿದ್ದೆಗೇಡು ಮುಂದುವರಿದವರಿಗೆ ಇದನ್ನು ಯೋಚಿಸುತ್ತಾರೆ. ಲಿವರ್ ಕೆಟ್ಟವರಿಗೂ ಕೊಡಬಹುದು. ಕಿಡ್ನಿ ತೀರಾ ಕೆಟ್ಟವರಿಗೆ ಕೊಡುವುದಿಲ್ಲ. ಮೊದಮೊದಲು ಹೊಟ್ಟೆ ಸಡಿಲಾಗಬಹುದು. ಆದರೆ ಇದರ ನಿಜವಾದ ಕಷ್ಟ ಮಧ್ಯಾಹ್ನದ ಡೋಸು. ಶಹಾಬಾದಿನ ಕಲ್ಲಿನ ಗಣಿಯಲ್ಲಿ, ಸೇಡಂನ ಸಿಮೆಂಟ್ ಕಾರ್ಖಾನೆಯ ಪಾಳಿಯಲ್ಲಿ, ತೊಗರಿ ಹೊಲದಲ್ಲಿ ಇರುವವರಿಗೆ ಆ ಎರಡು ಗುಳಿಗೆ ತಪ್ಪಿಹೋಗುತ್ತವೆ. ಬುತ್ತಿ ಡಬ್ಬಿಯ ಮುಚ್ಚಳದೊಳಗೆ ಒಂದು ಸಣ್ಣ ಪ್ಲಾಸ್ಟಿಕ್ ಪುಡಿಕೆ ಇಟ್ಟರೆ ರೊಟ್ಟಿ ಬಿಚ್ಚಿದಾಗ ಕಣ್ಣಿಗೆ ಬೀಳುತ್ತದೆ. ಅದೂ ಆಗದು ಎನ್ನುವವರು ವೈದ್ಯರಿಗೆ ಮೊದಲೇ ಹೇಳಿಬಿಡಿ.

ಮೂರನೆಯದು ಡೈಸಲ್ಫಿರಾಮ್. ಇದು ಆಸೆಯನ್ನು ಕಡಿಮೆ ಮಾಡುವುದಿಲ್ಲ, ಹೆದರಿಕೆಯಿಂದ ತಡೆಯುತ್ತದೆ. ಮದ್ಯ ದೇಹದಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಮಾರ್ಪಟ್ಟು ನಂತರ ಕರಗುತ್ತದೆ. ಈ ಗುಳಿಗೆ ಆ ಎರಡನೇ ಹೆಜ್ಜೆಯನ್ನೇ ನಿಲ್ಲಿಸುತ್ತದೆ. ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ, ಜೀವಕ್ಕೂ ಅಪಾಯ. ಗುಳಿಗೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಉಳಿದಿರುತ್ತದೆ. ಗಂಡ ಒಪ್ಪಿ, ಹೆಂಡತಿ ಬೆಳಿಗ್ಗೆ ಕೈಗೆ ಕೊಟ್ಟು, ಎದುರಿಗೇ ನುಂಗುವ ಮನೆಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಹೃದಯದ ಕಾಯಿಲೆ ಇದ್ದವರಿಗೆ ಬೇಡ. ಕೆಮ್ಮಿನ ಸಿರಪ್, ಆಯುರ್ವೇದದ ಅರಿಷ್ಟ ಮತ್ತು ಆಸವಗಳಲ್ಲಿ ಆಲ್ಕೊಹಾಲ್ ಇರುತ್ತದೆ ಎಂಬುದೂ ನೆನಪಿರಲಿ.

ಇಲ್ಲೊಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಲೇಬೇಕು. 'ದಾರೂ ಬಿಡಿಸೋ ಪುಡಿ' ಎಂದು ಸಂತೆಯಲ್ಲಿ, ಕೊರಿಯರಿನಲ್ಲಿ ಬರುವುದನ್ನು ಚಹಾದಲ್ಲೋ ಪಲ್ಯದಲ್ಲೋ ಗೊತ್ತಿಲ್ಲದಂತೆ ಬೆರೆಸಿ ಕೊಡಬೇಡಿ. ಒಳಗೆ ಡೈಸಲ್ಫಿರಾಮ್ ಇದ್ದರೆ, ಅವರು ಎಲ್ಲೋ ಒಂದು ಗುಟುಕು ಕುಡಿದಾಗ ಯಾಕೆ ಬಿದ್ದರೆಂದು ವೈದ್ಯರಿಗೂ ತಿಳಿಯುವುದಿಲ್ಲ. ಮೇಲಾಗಿ ಆರು ತಿಂಗಳು ಕಷ್ಟಪಟ್ಟು ಕಟ್ಟಿದ ವಿಶ್ವಾಸ ಆ ಒಂದು ಪುಡಿಕೆಯಲ್ಲಿ ಮುರಿಯುತ್ತದೆ.

ಆರು ತಿಂಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಇದು: 'ಈಗ ಆರಾಮ ಅದೀನಿ' ಎಂದು ಗುಳಿಗೆಯನ್ನು ತಾವೇ ನಿಲ್ಲಿಸುವುದು. ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್‌ಗಳನ್ನು ಆರು ತಿಂಗಳಿಂದ ಒಂದು ವರ್ಷದವರೆಗೆ ಮುಂದುವರಿಸುವುದು ರೂಢಿ. ನಿಲ್ಲಿಸುವ ತಿಂಗಳನ್ನು ವೈದ್ಯರ ಜೊತೆ ಕೂತು ಆರಿಸಿ. ಅದು ತೊಗರಿ ಮಾರಿ ದುಡ್ಡು ಕೈಗೆ ಬರುವ ತಿಂಗಳಾಗದಿರಲಿ, ಮದುವೆ ಸುಗ್ಗಿಯೂ ಆಗದಿರಲಿ.

ಗುರುಮಠಕಲ್, ಸೇಡಂ, ಚಿಂಚೋಳಿ ಕಡೆಯ ಗಡಿ ಹಳ್ಳಿಗಳವರು ಸೇಂದಿ ಕುಡಿಯುತ್ತಿದ್ದರೆ ವೈದ್ಯರಿಗೆ ಅದನ್ನು ಮುಚ್ಚಿಡದೆ ಹೇಳಬೇಕು. ಕಲಬೆರಕೆ ಸೇಂದಿಯಲ್ಲಿ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಇಲ್ಲವೇ ಅಲ್‌ಪ್ರಜೋಲಾಮ್‌ನಂಥ ನಿದ್ದೆಮದ್ದು ಇರುತ್ತದೆ. ಹಾಗಿದ್ದವರಿಗೆ ಆರನೇ ತಿಂಗಳ ನಿದ್ದೆಗೇಡಿಗೆ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ನಿದ್ದೆ ಗುಳಿಗೆ ಹಳೆಯ ಚಟವನ್ನೇ ಬೇರೆ ಹೆಸರಲ್ಲಿ ಮರಳಿ ತರುತ್ತದೆ.

ಆಸ್ಪತ್ರೆಯ ಕೊರತೆ ಮೊದಲ ಪ್ರಶ್ನೆಯಲ್ಲಿದೆ. ನೀವು ಬಾರದಿದ್ದರೆ ಓ.ಪಿ.ಡಿ. ಸಾಲಿನಲ್ಲಿ ಇನ್ನೊಬ್ಬರು ನಿಲ್ಲುತ್ತಾರೆ, ಯಾರೂ ಹುಡುಕಿ ಬರುವುದಿಲ್ಲ. ಆದ್ದರಿಂದ ಆಸ್ಪತ್ರೆಯೊಂದನ್ನೇ ನೆಚ್ಚಬೇಡಿ, ಗೈರಾದರೆ ಕೇಳುವ ಇನ್ನೊಂದು ಜಾಗ ಜೊತೆಗಿರಲಿ.

ದೇವರು, ಮಾಲೆ, ಸೇವೆ

ಹೆಂಡ ಮಾರುವುದನ್ನೇ ಕಾಯಕ ಮಾಡಿಕೊಂಡಿದ್ದ ಹೆಂಡದ ಮಾರಯ್ಯ ಬಸವಕಲ್ಯಾಣದ ಶರಣರಲ್ಲಿ ಒಬ್ಬ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಊರೂರಿಗೆ ಜೋಳಿಗೆ ಹಿಡಿದು ಹೋಗಿ 'ನಿಮ್ಮ ದುಶ್ಚಟ ಇದರಾಗ ಹಾಕ್ರಿ' ಎಂದು ಬೇಡಿದರು. ಅವರ ಜನ್ಮದಿನ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ದೇವರ ದಾರಿಯಿಂದ ಬಿಟ್ಟವರು ನಮ್ಮಲ್ಲಿ ಬಹಳ, ಅದನ್ನು ಸಣ್ಣದು ಮಾಡುವ ಮಾತೇ ಇಲ್ಲ. ಆದರೆ ಈ ದಾರಿಯೊಳಗೂ ಆಯ್ಕೆ ಇದೆ.

ಅವಧಿ ಇರುವ ವ್ರತ ಒಂದು ಬಗೆ: ಅಯ್ಯಪ್ಪ ಮಾಲೆಯ 41 ದಿನ, ಒಂದು ತಿಂಗಳ ರೋಜಾ, ತುಳಜಾಪುರಕ್ಕೋ ಶ್ರೀಶೈಲಕ್ಕೋ ಪಾದಯಾತ್ರೆ. ಇವು ಶುರು ಮಾಡಲು ಬಹಳ ಒಳ್ಳೆಯವು. ಅಪಾಯ ಇರುವುದು ಮಾಲೆ ತೆಗೆದ ಮರುದಿನ, ಈದ್ ಹಬ್ಬದ ಮಾರನೆ ಸಂಜೆ. ಈಗಾಗಲೇ ಆರು ತಿಂಗಳಾದವರು ಇಂಥ ವ್ರತ ಹಿಡಿಯುವುದಾದರೆ 42ನೇ ದಿನಕ್ಕೆ ಏನು ಮಾಡಬೇಕೆಂದು ಮೊದಲೇ ಬರೆದಿಡಿ: ಯಾರ ಜೊತೆ ಇರುತ್ತೀರಿ, ಯಾವ ಊರಿನಲ್ಲಿ, ಎಷ್ಟು ಗಂಟೆವರೆಗೆ.

ಜೀವನಪೂರ್ತಿಯದು ಇನ್ನೊಂದು ಬಗೆ. ಆಳಂದ, ಬೀದರ್ ಕಡೆಯ ವಾರಕರಿಗಳ ತುಳಸಿಮಾಲೆ, ಮಠದಲ್ಲಿ ಪಡೆದ ದೀಕ್ಷೆ, ಮುರ್ಶಿದರ, ಅಂದರೆ ಸೂಫಿ ಗುರುಗಳ, ಕೈಯಲ್ಲಿ ಮಾಡಿದ ತೌಬಾ (ಇನ್ನು ಮಾಡೆನೆಂಬ ಪ್ರಮಾಣ). ಕೊರಳಲ್ಲಿ ಮಾಲೆ ಕಂಡರೆ ಒತ್ತಾಯ ಮಾಡುವವರೇ ಕಡಿಮೆ. ತಪ್ಪುವುದು ಎಲ್ಲಿ ಎಂದರೆ, ಒಮ್ಮೆ ಜಾರಿದವರು 'ಇನ್ ದೇವರ ಮುಖ ಹೆಂಗ ನೋಡ್ಲಿ' ಎಂದು ಗುಡಿಯನ್ನೇ ಬಿಟ್ಟು, ಮಾಲೆ ಬಿಚ್ಚಿಟ್ಟು, ಪೂರ್ತಿ ಮುಳುಗುತ್ತಾರೆ. ಒಂದು ರಾತ್ರಿಯ ಜಾರು ಆರು ತಿಂಗಳ ಕುಡಿತವಾಗುವುದು ಈ ನಾಚಿಕೆಯಿಂದ. ಪ್ರಮಾಣ ಮಾಡುವ ದಿನವೇ ಸ್ವಾಮಿಗಳನ್ನೋ ಮಹಾರಾಜರನ್ನೋ ಕೇಳಿಬಿಡಿ, 'ತಪ್ಪಿದ್ರ ಏನ್ ಮಾಡ್ಲಿರಿ, ಅಪ್ಪಾರ?' ಎಂದು. ಒಳ್ಳೆಯ ಗುರುಗಳಲ್ಲಿ ಇದಕ್ಕೆ ಉತ್ತರ ಇರುತ್ತದೆ.

ಇವೆರಡಕ್ಕಿಂತಲೂ ನಾವು ಹೆಚ್ಚು ಒತ್ತು ಕೊಡುವುದು ಸೇವೆಗೆ. ಶರಣಬಸವೇಶ್ವರರ ದಾಸೋಹದಲ್ಲಿ ಬಡಿಸುವುದು, ಬೀದರಿನ ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ ರೊಟ್ಟಿ ಲಟ್ಟಿಸುವುದು, ಬಂದೇ ನವಾಜ್ ದರ್ಗಾದಲ್ಲಿ ಗುರುವಾರ ಸಂಜೆ ಕಸ ಗುಡಿಸುವುದು. ದರ್ಶನಕ್ಕೆ ಹೋದವರನ್ನು ಯಾರೂ ಎಣಿಸುವುದಿಲ್ಲ. ಬಡಿಸುವವನು ಬಾರದಿದ್ದರೆ ಪಂಕ್ತಿ ಕೂತಲ್ಲೇ ಕೂರುತ್ತದೆ, ಫೋನು ಬಂದೇ ಬರುತ್ತದೆ. ವಾರಕ್ಕೆ ಎರಡು ಸಂಜೆ, ಆರೂವರೆಯಿಂದ ಎಂಟೂವರೆ, ಇಷ್ಟು ಕೇಳಿ ಪಡೆಯಿರಿ.

ಫೋನು

ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್, ನಂಬರು 14416; ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಎರಡೂ ಉಚಿತ. ಟೆಲಿ ಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡಕ್ಕೂ ಎತ್ತುತ್ತಾರೆ. ಚಟ ಎಳೆದಾಗ ಕೈಗೆ ಸಿಗುತ್ತದೆಯೇ ಎಂಬ ಎರಡನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಗೈರಾದರೆ ಕೇಳುವವರು ಇದ್ದಾರೆಯೇ ಎಂಬ ಮೊದಲನೆಯದಕ್ಕೆ ಇದರಲ್ಲಿ ಉತ್ತರವೇ ಇಲ್ಲ. ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವವರು ಈ ಎರಡು ನಂಬರನ್ನು ಊರು ಬಿಡುವ ಮೊದಲೇ ಉಳಿಸಿಕೊಳ್ಳಿ. ಕುಡಿತದ ಜಾಗಕ್ಕೆ ಗುಟ್ಕಾ ಬಂದು ಕೂತಿದ್ದರೆ, ತಂಬಾಕು ಬಿಡಿಸುವ ಸಹಾಯವಾಣಿ 1800-112-356.

ಏಳು ಗಂಟೆಯ ಲೆಕ್ಕ

ಯಾವ ದಾರಿ ಹಿಡಿದರೂ ಆಸೆ ಬರುವ ಗಳಿಗೆ ನಿಮ್ಮದೇ. ಒಂದು ಎಳೆತ ಹೆಚ್ಚೆಂದರೆ ಹದಿನೈದರಿಂದ ಮೂವತ್ತು ನಿಮಿಷ, ಏರಿ ಇಳಿಯುತ್ತದೆ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಒಂದು ಅದರ ಬೆನ್ನಿಗಿರುತ್ತದೆ. ನಮ್ಮ ಬಿಸಿಲಿಗೆ ಐದನೆಯದನ್ನೂ ಸೇರಿಸಿ: ನೀರಡಿಕೆ. ಏಪ್ರಿಲ್ ಮೇ ತಿಂಗಳಲ್ಲಿ 'ತಂಪಿಗಿ ಒಂದ್ ಬೀರ್' ಎಂದು ಶುರುವಾದದ್ದೇ ಹೆಚ್ಚು. ಸಂಜೆ ಐದೂವರೆಗೆ ಒಂದು ಬಟ್ಟಲು ಸುಸಲಾ, ಎರಡು ಬಾಳೆಹಣ್ಣು, ಒಂದು ತಂಬಿಗೆ ಮಜ್ಜಿಗೆ. ಇಷ್ಟು ಹೊಟ್ಟೆಗೆ ಬಿದ್ದರೆ ಏಳರ ಎಳೆತ ಅರ್ಧ ಸೊರಗುತ್ತದೆ. ಮಿರ್ಚಿ ಭಜಿ ಮಾತ್ರ ನೋಡಿ ತಿನ್ನಿ. ವರ್ಷಗಟ್ಟಲೆ ಗ್ಲಾಸಿನ ಜೊತೆ ತಿಂದವರಿಗೆ ಆ ಕಾದ ಎಣ್ಣೆಯ ವಾಸನೆಯೇ ಬಾಯಲ್ಲಿ ನೀರು ತರಿಸಿ ಕಾಲನ್ನು ಅಂಗಡಿಯ ಕಡೆ ತಿರುಗಿಸುತ್ತದೆ. ಆಲ್ಕೊಹಾಲ್ ಇಲ್ಲದ ಬೀರ್ ಎಂದು ಮಾರುವುದೂ ಅದೇ ಕೆಲಸ ಮಾಡುತ್ತದೆ.

ಕಂದೂರಿ, ಮದುವೆ, ಕಾರ ಹುಣ್ಣಿಮೆ ಊಟ ತಪ್ಪಿಸಲಾಗದು. ತಲುಪಿದ ಕೂಡಲೇ ಕೈಗೊಂದು ಗ್ಲಾಸು ಶರಬತ್ತು ಹಿಡಿದುಬಿಡಿ. ಖಾಲಿ ಕೈಗೇ ಗ್ಲಾಸು ಕೊಡುವುದು. ಮಾತು ಚಿಕ್ಕದಿರಲಿ: 'ಡಾಕ್ಟರ್ ಗುಳಿಗಿ ಕೊಟ್ಟಾರ್ರೀ ಕಾಕಾ, ನಡೆಂಗಿಲ್ಲ.' ಕಾರಣ ಹೆಚ್ಚು ಹೇಳಿದಷ್ಟೂ ವಾದಕ್ಕೆ ದಾರಿ. ಊಟ ಮೊದಲ ಪಂಕ್ತಿಯಲ್ಲೇ ಮುಗಿಸಿ, ಬೈಕಿನ ಚಾವಿ ನಿಮ್ಮ ಕಿಸೆಯಲ್ಲಿರಲಿ.

ದುಡ್ಡಿನ ಲೆಕ್ಕವನ್ನೂ ಕಣ್ಣಿಗೆ ಕಾಣುವಂತೆ ಮಾಡಿ. ದಿನಕ್ಕೆ 200 ರೂಪಾಯಿ ಹೋಗುತ್ತಿದ್ದರೆ ತಿಂಗಳಿಗೆ 6,000, ಎಂಟು ತಿಂಗಳಿಗೆ 48,000. ಅದು ಮನೆಖರ್ಚಿನಲ್ಲಿ ಕರಗಿದರೆ ಬಿಟ್ಟ ಲಾಭ ಯಾರಿಗೂ ಕಾಣುವುದಿಲ್ಲ. ಅಂಚೆ ಕಚೇರಿಯ ಆರ್.ಡಿ. ತಿಂಗಳಿಗೆ 100 ರೂಪಾಯಿಯಿಂದ ಶುರು. ಮಗಳ ಹೆಸರಲ್ಲಿ ಪುಸ್ತಕ ಮಾಡಿಸಿ, ನೀವೇ ಹೋಗಿ ಕಟ್ಟಿ, ಪುಸ್ತಕ ಅವಳ ಕೈಯಲ್ಲಿಡಿ. ಎ.ಪಿ.ಎಂ.ಸಿ.ಯಲ್ಲಿ ತೊಗರಿ ಮಾರಿದ ದಿನ ದುಡ್ಡು ಖಾತೆಗೇ ಬರಲಿ, ಜೊತೆಗೆ ಮನೆಯವರೊಬ್ಬರು ಇರಲಿ.

ಜೋಡಿ ಯಾವುದು?

ನಗರದಲ್ಲಿ ನೌಕರಿ, ಗುಟ್ಟು ಬೇಕು ಎನ್ನುವವರಿಗೆ ಎ.ಎ. ಮತ್ತು ನಾಲ್‌ಟ್ರೆಕ್ಸೋನ್ ವಿಷಯಕ್ಕೆ ವೈದ್ಯರ ಭೇಟಿ. ಹಳ್ಳಿಯಲ್ಲಿ ಒಕ್ಕಲುತನದವರಿಗೆ ನವಜೀವನ ಸಮಿತಿ ಮತ್ತು ತಾಲ್ಲೂಕು ಆಸ್ಪತ್ರೆಯ ಮಂಗಳವಾರ. ಗುಂಪಿನಲ್ಲಿ ಬಾಯಿಬಿಡಲಾಗದವರಿಗೆ ವಾರಕ್ಕೆರಡು ಸಂಜೆಯ ಸೇವೆ ಮತ್ತು 14416. ಗುಳೆ ಹೋಗುವವರಿಗೆ ಸ್ಪಾನ್ಸರ್ ಅಥವಾ ಸಮಿತಿಯ ಒಬ್ಬರಿಗೆ ದಿನವೂ ರಾತ್ರಿ ಒಂದು ಫೋನು. ಆರಿಸಿದ್ದನ್ನು 90 ದಿನ ಬಿಡದೆ ನಡೆಸಿ ನೋಡಿ. ಕ್ಯಾಲೆಂಡರಿನಲ್ಲಿ ಹೋದ ದಿನಕ್ಕೆ ಗುರುತು ಹಾಕಿ. ತಿಂಗಳಲ್ಲಿ ಮೂರು ಸಲಕ್ಕಿಂತ ಹೆಚ್ಚು ತಪ್ಪಿದ್ದರೆ ಅದು ನಿಮಗೆ ಒಗ್ಗುತ್ತಿಲ್ಲ, ಬದಲಿಸಿ.

ಜಾರಿದರೆ? 24 ಗಂಟೆಯೊಳಗೆ ಒಬ್ಬರಿಗೆ ಹೇಳಿ, ಉಳಿದ ಸೀಸೆಯನ್ನು ಬಚ್ಚಲಿಗೆ ಸುರಿಯಿರಿ, ಮರುದಿನದ ಸಭೆಗೋ ಸೇವೆಗೋ ತಪ್ಪದೆ ಹೋಗಿ. ಮೊದಲು ಕುಡಿಯುತ್ತಿದ್ದಷ್ಟನ್ನು ಈಗ ದೇಹ ತಾಳುವುದಿಲ್ಲ; ಬಿಟ್ಟ ತಿಂಗಳುಗಳಲ್ಲಿ ಆ ರೂಢಿ ಇಳಿದಿರುತ್ತದೆ. ಒಂದೇ ದಿನ ಕುಡಿದಿದ್ದರೆ ನಿಲ್ಲಿಸಿದರೆ ಸಾಕು. ವಾರಗಟ್ಟಲೆ ಮುಂದುವರಿದಿದ್ದರೆ ಮನೆಯಲ್ಲೇ ಥಟ್ಟನೆ ನಿಲ್ಲಿಸಬೇಡಿ. ಮೊದಲ ಎರಡು ದಿನದಲ್ಲಿ ನಡುಕ, ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಜನರ ಗುರುತು ತಪ್ಪಿ, ಇಲ್ಲದ್ದನ್ನು ಕಂಡಂತೆ ಮಾತಾಡಬಹುದು. ಅಂಥದ್ದು ಕಂಡರೆ ಯಂತ್ರ ತಾಯತಕ್ಕೆ ಓಡಾಡದೆ 108ಕ್ಕೆ ಕರೆ ಮಾಡಿ, ಬಾಯಿಗೆ ಏನೂ ತುರುಕದೆ ಪಕ್ಕಕ್ಕೆ ಮಲಗಿಸಿ, ಕೊನೆಯ ಸಲ ಕುಡಿದದ್ದು ಯಾವಾಗ ಮತ್ತು ಎಷ್ಟು, ಯಾವ ಗುಳಿಗೆ ನಡೆಯುತ್ತಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಿ.